ಫೈಲ್ ತೆರೆದ ಕೂಡಲೇ ಈಮ್ಯಾಕ್ಸ್ ಯಾವ ಮೋಡ್ ಹಾಕಿಕೊಳ್ಳುತ್ತದೆ, ಯಾಕೆ? ಹಂತ ಹಂತವಾಗಿ

ಒಂದು ಸಂಜೆ ಮನೆಗೆ ಹೊರಡುವ ಹೊತ್ತಲ್ಲಿ ಮೇಕ್‌ಫೈಲ್ ಒಂದನ್ನು ತಿದ್ದುತ್ತಿದ್ದೆ (ಪ್ರೋಗ್ರಾಂ ಕಟ್ಟುವ 'ಮೇಕ್' ಅನ್ನುವ ಟೂಲ್‌ಗೆ ಏನೇನು ಮಾಡಬೇಕು ಅಂತ ಬರೆದಿಡುವ ಫೈಲ್ ಅದು). ಎರಡು ಸಾಲು ಸೇರಿಸಿ, ಸೇವ್ ಮಾಡಿ, ಮೇಕ್ ಓಡಿಸಿದರೆ 'ಮಿಸ್ಸಿಂಗ್ ಸೆಪರೇಟರ್. ಸ್ಟಾಪ್.' ಅಂತ ಹೇಳಿ ನಿಂತುಬಿಟ್ಟಿತು. ಸಾಲು ನೋಡಿದರೆ ಸರಿಯಾಗೇ ಇದೆ. ಮೇಲಿನ ಸಾಲಿಗೂ ನಾನು ಹಾಕಿದ ಸಾಲಿಗೂ ಕಣ್ಣಿಗೆ ಏನೂ ವ್ಯತ್ಯಾಸ ಕಾಣುತ್ತಿಲ್ಲ. ಮುಕ್ಕಾಲು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಮೇಲಿನ ಸಾಲು ಟ್ಯಾಬ್‌ನಿಂದ ಶುರುವಾಗುತ್ತಿತ್ತು, ನನ್ನದು ಸ್ಪೇಸ್‌ಗಳಿಂದ. ಮೇಕ್‌ಗೆ ಟ್ಯಾಬೇ ಬೇಕು.

ನಾನು ಒತ್ತಿದ್ದು ಟ್ಯಾಬ್ ಕೀಯನ್ನೇ. ಅದನ್ನು ಸ್ಪೇಸ್ ಮಾಡಿದ್ದು ನಾನು ಬಳಸುವ ಟೆಕ್ಸ್ಟ್ ಎಡಿಟರ್ ಈಮ್ಯಾಕ್ಸ್. ಎಲ್ಲ ಕಡೆ ಸ್ಪೇಸ್ ಹಾಕು ಅಂತ ಹಿಂದೊಮ್ಮೆ ನಾನೇ ಹೇಳಿಟ್ಟಿದ್ದೆ. ಮೇಕ್‌ಫೈಲ್ ಮೋಡ್, ಅಂದರೆ ಮೇಕ್‌ಫೈಲ್‌ಗೆ ತಕ್ಕ ನಡವಳಿಕೆ, ಇದ್ದಿದ್ದರೆ ಆ ಮಾತನ್ನು ಬದಿಗಿಟ್ಟು ನಿಜವಾದ ಟ್ಯಾಬೇ ಹಾಕುತ್ತಿತ್ತು. ಆದರೆ ನನ್ನ ಫೈಲಿನ ಹೆಸರು 'ಮೇಕ್‌ಫೈಲ್.ಡೆವ್'. ಕೊನೆಯ ಆ ಬಾಲದಿಂದಾಗಿ ಈಮ್ಯಾಕ್ಸ್‌ಗೆ ಇದು ಮೇಕ್‌ಫೈಲ್ ಅಂತ ತಿಳಿಯಲೇ ಇಲ್ಲ. ಯಾವ ಮೋಡೂ ಸಿಗದೆ, ಕೊನೆಗೆ ಉಳಿಯುವ 'ಫಂಡಮೆಂಟಲ್' ಮೋಡ್‌ನಲ್ಲಿ ತೆರೆದುಕೊಂಡಿತ್ತು.

ಅವತ್ತೇ ಕೂತು ಈ ಆಯ್ಕೆ ಹೇಗೆ ನಡೆಯುತ್ತದೆ ಅಂತ ಪೂರ್ತಿ ನೋಡಿದೆ. ಇದರಲ್ಲಿ ಮಾಯೆ ಏನೂ ಇಲ್ಲ. ಈಮ್ಯಾಕ್ಸ್ ಒಂದಾದ ಮೇಲೊಂದು ಕೆಲವು ಪ್ರಶ್ನೆ ಕೇಳಿಕೊಳ್ಳುತ್ತದೆ. ಯಾವ ಪ್ರಶ್ನೆಗೆ ಮೊದಲು ಉತ್ತರ ಸಿಕ್ಕಿತೋ ಅಲ್ಲಿಗೆ ವಿಚಾರಣೆ ಮುಗಿಯಿತು. ಮೋಡ್ ತಪ್ಪಾಗಿ ಬಂದರೆ ಎಡಿಟರನ್ನು ಬೈದು ಉಪಯೋಗವಿಲ್ಲ. ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಹುಡುಕಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್, ಕೋಡ್ ಎಲ್ಲವನ್ನೂ ಇಲ್ಲಿ ಓದುವುದಕ್ಕೆ ಅನುಕೂಲವಾಗಲಿ ಅಂತ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ. ಬ್ರಾಕೆಟ್, ಕೊಟೇಶನ್, ಬ್ಯಾಕ್‌ಸ್ಲ್ಯಾಶ್ ಮಾತ್ರ ಇಲ್ಲಿ ಕಂಡ ಹಾಗೆಯೇ ಇರಲಿ.

ಹಂತ 1: ಈಗ ಯಾವ ಮೋಡ್‌ನಲ್ಲಿದ್ದೀರಿ ನೋಡಿ

ಮೋಡ್ ಅಂದರೆ ಆ ಫೈಲಿಗೆ ತಕ್ಕ ನಡವಳಿಕೆ. ಬಣ್ಣ ಹೇಗೆ ಹಚ್ಚಬೇಕು, ಟ್ಯಾಬ್ ಒತ್ತಿದರೆ ಏನಾಗಬೇಕು, ಕಾಮೆಂಟ್ ಗುರುತು ಯಾವುದು, ಯಾವ ಕೀಗೆ ಯಾವ ಕೆಲಸ, ಎಲ್ಲ ಅದರಲ್ಲೇ ಇರುತ್ತದೆ. ಒಂದು ಬಫರ್‌ಗೆ (ತೆರೆದ ಫೈಲಿನ ಬರಹ ಇರುವ ಜಾಗ) ಒಂದೇ ಮೇಜರ್ ಮೋಡ್. ಮೈನರ್ ಮೋಡ್‌ಗಳು ಎಷ್ಟು ಬೇಕಾದರೂ ಇರಬಹುದು. ಸಾಲಿನ ಸಂಖ್ಯೆ ತೋರಿಸುವುದು, ಕಾಗುಣಿತ ನೋಡುವುದು ಇಂಥವೆಲ್ಲ ಮೈನರ್. ಇಲ್ಲಿ ನಮ್ಮ ಮಾತೆಲ್ಲ ಮೇಜರ್ ಬಗ್ಗೆ.

ಕಿಟಕಿಯ ಕೆಳಗಡೆ ಇರುವ ಮೋಡ್ ಲೈನ್‌ನಲ್ಲಿ, ಬ್ರಾಕೆಟ್ ಒಳಗೆ ಹೆಸರು ಕಾಣುತ್ತದೆ: ಪೈಥಾನ್, ಟೆಕ್ಸ್ಟ್, ಶೆಲ್-ಸ್ಕ್ರಿಪ್ಟ್ ಹೀಗೆ. ವಿವರ ಬೇಕಾದರೆ ಕಂಟ್ರೋಲ್-ಎಚ್ ಒತ್ತಿ, ಆಮೇಲೆ ಎಂ ಒತ್ತಿ. ಮೇಜರ್ ಮೋಡ್ ಯಾವುದು, ಅದರ ಕೀಗಳು ಯಾವುವು, ಯಾವ ಮೈನರ್ ಮೋಡ್‌ಗಳು ಓಡುತ್ತಿವೆ, ಎಲ್ಲ ಒಂದೇ ಕಡೆ ಬರುತ್ತದೆ. ಮೋಡ್‌ನ ಪೂರ್ತಿ ಹೆಸರು ಬೇಕಾದರೆ ಕಂಟ್ರೋಲ್-ಎಚ್ ವಿ ಒತ್ತಿ 'ಮೇಜರ್-ಮೋಡ್' ಅಂತ ಕೊಡಿ. ಮುಂದೆ ನಿಯಮ ಬರೆಯುವಾಗ ಈ ಪೂರ್ತಿ ಹೆಸರೇ ಬೇಕಾಗುವುದು.

ತುರ್ತಿಗೆ ಮೋಡ್ ಬದಲಿಸಬೇಕಾ? ಆಲ್ಟ್-ಎಕ್ಸ್ ಒತ್ತಿ ಮೋಡ್‌ನ ಹೆಸರು ಹಾಕಿದರೆ ಸಾಕು. ಆದರೆ ಅದು ಅವತ್ತಿನ ಮಟ್ಟಿಗೆ ಮಾತ್ರ. ಫೈಲ್ ಮುಚ್ಚಿ ತೆರೆದರೆ ಮತ್ತೆ ಹಳೇ ಕಥೆ.

ಹಂತ 2: ಪ್ರಶ್ನೆಗಳ ಸಾಲು ಗೊತ್ತಿರಲಿ

ಈಮ್ಯಾಕ್ಸ್ ಕೇಳಿಕೊಳ್ಳುವ ಪ್ರಶ್ನೆಗಳು ಈ ಕ್ರಮದಲ್ಲಿ ಬರುತ್ತವೆ.

1. ಫೈಲಿನೊಳಗೇ ಯಾರಾದರೂ ಮೋಡ್ ಬರೆದಿಟ್ಟಿದ್ದಾರಾ? ಮೊದಲ ಸಾಲಿನಲ್ಲಿ ಅಥವಾ ಫೈಲಿನ ಕೊನೆಯಲ್ಲಿ.
2. ಫೈಲ್ #! ಗುರುತಿನಿಂದ ಶುರುವಾಗುತ್ತದಾ? ಹಾಗಿದ್ದರೆ ಅಲ್ಲಿ ಹೇಳಿರುವ ಇಂಟರ್‌ಪ್ರಿಟರ್ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಯಾವುದು?
3. ಫೈಲಿನ ಆರಂಭದ ಬರಹ ನೋಡಿದರೆ ಏನಾದರೂ ಗುರುತು ಹತ್ತುತ್ತದಾ? ಈ ಪಟ್ಟಿಯ ಹೆಸರು ಮ್ಯಾಜಿಕ್-ಮೋಡ್-ಆಲಿಸ್ಟ್.
4. ಫೈಲಿನ ಹೆಸರು ಏನು ಹೇಳುತ್ತದೆ? ಈ ಪಟ್ಟಿ ಆಟೋ-ಮೋಡ್-ಆಲಿಸ್ಟ್.
5. ಹೆಸರಿನಿಂದಲೂ ತಿಳಿಯಲಿಲ್ಲವಾದರೆ, ಒಳಗಿನ ಬರಹವನ್ನು ಇನ್ನೊಮ್ಮೆ ನೋಡೋಣ. ಇದು ಮ್ಯಾಜಿಕ್-ಫಾಲ್‌ಬ್ಯಾಕ್-ಮೋಡ್-ಆಲಿಸ್ಟ್.
6. ಏನೂ ಆಗಲಿಲ್ಲ. ಡೀಫಾಲ್ಟ್ ಮೋಡ್ ಹಾಕು. ನೀವು ಬದಲಿಸದಿದ್ದರೆ ಅದು ಫಂಡಮೆಂಟಲ್.

ತುಂಬಾ ಜನ ಅಂದುಕೊಂಡಿರುವುದು 4ನೇ ಪ್ರಶ್ನೆಯೇ ಮೊದಲನೆಯದು ಅಂತ. ಎಕ್ಸ್‌ಟೆನ್ಶನ್ ನೋಡಿ ಮೋಡ್ ಹಾಕುತ್ತದೆ, ಅಷ್ಟೇ ಅಲ್ವಾ ಅಂತ. ದಿನದ ಹೆಚ್ಚಿನ ಫೈಲ್‌ಗಳಿಗೆ ಉತ್ತರ ಸಿಗುವುದು ಅಲ್ಲೇ, ಅದು ನಿಜ. ಆದರೆ ಹೆಸರಿಗಿಂತ ಮೊದಲು ಮೂರು ಮಾತು ನಡೆದುಹೋಗಿರುತ್ತವೆ. 'ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ' ಅನ್ನೋದು ಈಮ್ಯಾಕ್ಸ್‌ಗೂ ಗೊತ್ತು ಅನಿಸುತ್ತದೆ.

ಹಂತ 3: ಒಂದೇ ಫೈಲ್ ಇಟ್ಟುಕೊಂಡು ಆಡಿಸಿ ನೋಡಿ

ಓದಿದರೆ ತಲೆಗೆ ಹೋಗುವುದಿಲ್ಲ. ಐದು ನಿಮಿಷ ಕೊಡಿ, ಕೈಯಾರೆ ಮಾಡಿ ನೋಡೋಣ.

ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಫ್ ಒತ್ತಿ 'ಪಟ್ಟಿ' ಅನ್ನುವ ಹೊಸ ಫೈಲ್ ತೆರೆಯಿರಿ. ಎಕ್ಸ್‌ಟೆನ್ಶನ್ ಬೇಡ. ಕೆಳಗೆ ನೋಡಿ: ಫಂಡಮೆಂಟಲ್. ಐದೂ ಪ್ರಶ್ನೆ ದಾಟಿ ಕೊನೆಗೆ ಬಂದು ನಿಂತಿದೆ.

ಒಂದೆರಡು ಪದ ಬರೆದು, ಕಂಟ್ರೋಲ್-ಎಕ್ಸ್ ಕಂಟ್ರೋಲ್-ಡಬ್ಲ್ಯೂ ಒತ್ತಿ 'ಪಟ್ಟಿ.ಪಿವೈ' ಅಂತ ಬೇರೆ ಹೆಸರಲ್ಲಿ ಸೇವ್ ಮಾಡಿ. ಮೋಡ್ ತಾನಾಗಿಯೇ ಪೈಥಾನ್ ಆಗುತ್ತದೆ. ಹೆಸರು ಬದಲಾದರೆ ಈಮ್ಯಾಕ್ಸ್ ಮತ್ತೆ ಯೋಚನೆ ಮಾಡುತ್ತದೆ. ಇಲ್ಲಿ ಉತ್ತರ ಸಿಕ್ಕಿದ್ದು 4ನೇ ಪ್ರಶ್ನೆಗೆ.

ಈಗ ಮೊದಲ ಸಾಲಿಗೆ ಇದನ್ನು ಹಾಕಿ:

#!/ಬಿನ್/ಬ್ಯಾಷ್

ಸುಮ್ನೆ ಹಾಕಿದರೆ ಏನೂ ಆಗುವುದಿಲ್ಲ. ಪ್ರತಿ ಅಕ್ಷರಕ್ಕೂ ಮೋಡ್ ಬದಲಿಸುತ್ತಾ ಕೂತರೆ ಕೆಲಸ ಮಾಡೋಕಾಗುತ್ತಾ? ಆಲ್ಟ್-ಎಕ್ಸ್ ಒತ್ತಿ 'ನಾರ್ಮಲ್-ಮೋಡ್' ಅಂತ ಕೊಡಿ. ಹೆಸರು ನೋಡಿ ಮೋಸಹೋಗಬೇಡಿ, ಇದೇನೂ ಒಂದು ಮೋಡ್ ಅಲ್ಲ. 'ಈಗಷ್ಟೇ ಫೈಲ್ ತೆರೆದ ಹಾಗೆ ಎಲ್ಲ ಪ್ರಶ್ನೆಗಳನ್ನೂ ಮೊದಲಿನಿಂದ ಕೇಳು' ಅನ್ನುವ ಅಪ್ಪಣೆ. ಕೊಟ್ಟ ಕೂಡಲೇ ಪೈಥಾನ್ ಹೋಗಿ ಶೆಲ್-ಸ್ಕ್ರಿಪ್ಟ್ ಬರುತ್ತದೆ. ಹೆಸರಿನಲ್ಲಿ ಪಿವೈ ಇದ್ದರೂ 2ನೇ ಪ್ರಶ್ನೆ ಗೆದ್ದಿತು.

ಕೊನೆಗೆ ಎರಡನೇ ಸಾಲಿನಲ್ಲಿ ಹೀಗೆ ಬರೆಯಿರಿ:

# -*- ಮೋಡ್: ಟೆಕ್ಸ್ಟ್ -*-

ಮತ್ತೆ ನಾರ್ಮಲ್-ಮೋಡ್. ಈಗ ಟೆಕ್ಸ್ಟ್. 1ನೇ ಪ್ರಶ್ನೆ ಎಲ್ಲರನ್ನೂ ಹಿಂದೆ ಹಾಕಿತು. ಈ ಗುರುತು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಇರಬೇಕು. ಮೊದಲ ಸಾಲನ್ನು #! ಹಿಡಿದುಕೊಂಡಿದ್ದರೆ ಮಾತ್ರ ಎರಡನೇ ಸಾಲಿಗೆ ರಿಯಾಯಿತಿ ಉಂಟು. ಮೂರನೇ ಸಾಲಿಗೆ ಹಾಕಿ, ಕೆಲಸ ಮಾಡುತ್ತಿಲ್ಲ ಅಂತ ಒದ್ದಾಡಿದವರನ್ನು ನೋಡಿದ್ದೇನೆ.

ಇಷ್ಟು ಮಾಡಿದರೆ ವಿಷಯದ ಮುಕ್ಕಾಲು ಭಾಗ ಕೈಗೆ ಬಂದ ಹಾಗೆ. ಇನ್ನು ಒಂದೊಂದನ್ನೇ ನಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುವುದು ನೋಡೋಣ.

ಹಂತ 4: ಒಂದೇ ಒಂದು ಫೈಲಿಗೆ ಮೋಡ್ ಬೇಕಿದ್ದರೆ, ಹಣೆಬರಹ ಬರೆಯಿರಿ

ಮೊದಲ ಸಾಲಿನ ಆ -*- ಗುರುತನ್ನು ನಾನು ಹಣೆಬರಹ ಅಂತಲೇ ಕರೆಯುವುದು. ಅದನ್ನು ಯಾರೂ ಮೀರುವ ಹಾಗಿಲ್ಲ. ಕೈಯಲ್ಲಿ ಬರೆಯುವ ಬದಲು ಆಲ್ಟ್-ಎಕ್ಸ್ 'ಆಡ್-ಫೈಲ್-ಲೋಕಲ್-ವೇರಿಯಬಲ್-ಪ್ರಾಪ್-ಲೈನ್' ಕೊಟ್ಟರೆ ಅದೇ ಕೇಳಿ ಬರೆದುಕೊಡುತ್ತದೆ. ಆ ಭಾಷೆಯ ಕಾಮೆಂಟ್ ಗುರುತನ್ನೂ ಸೇರಿಸುತ್ತದೆ.

ಇಲ್ಲಿ ಮೋಡ್‌ನ ಹೆಸರು ಬರೆಯುವಾಗ ಕೊನೆಯ '-ಮೋಡ್' ಬಿಟ್ಟುಬಿಡಬೇಕು. 'ಪೈಥಾನ್-ಮೋಡ್' ಅಲ್ಲ, ಬರೀ 'ಪೈಥಾನ್'. ಇಲ್ಲದ ಮೋಡ್‌ನ ಹೆಸರು ಬರೆದರೆ 'ಇಗ್ನೋರಿಂಗ್ ಅನ್‌ನೋನ್ ಮೋಡ್' ಅಂತ ಕೆಳಗೆ ಒಂದು ಸಾಲು ಮಿಂಚಿ ಮಾಯವಾಗುತ್ತದೆ, ಈಮ್ಯಾಕ್ಸ್ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಆ ಸಾಲನ್ನು ತಪ್ಪಿಸಿಕೊಂಡಿದ್ದರೆ ಮೆಸೇಜಸ್ ಬಫರ್‌ನಲ್ಲಿ ಸಿಗುತ್ತದೆ.

ಮೊದಲ ಸಾಲಿನಲ್ಲಿ ಬರೆಯುವುದು ಇಷ್ಟವಿಲ್ಲದಿದ್ದರೆ ಫೈಲಿನ ಬಾಲದಲ್ಲಿ ಬರೆಯಬಹುದು:

# ಲೋಕಲ್ ವೇರಿಯಬಲ್ಸ್:
# ಮೋಡ್: ಟೆಕ್ಸ್ಟ್
# ಎಂಡ್:

ಈ ತುಂಡು ಫೈಲಿನ ಕೊನೆಯ 3000 ಅಕ್ಷರಗಳ ಒಳಗೆ ಶುರುವಾಗಿರಬೇಕು. ಇದಕ್ಕೂ ಒಂದು ಕಮಾಂಡ್ ಇದೆ, 'ಆಡ್-ಫೈಲ್-ಲೋಕಲ್-ವೇರಿಯಬಲ್'.

ನನ್ನ ಅಭಿಪ್ರಾಯ ಕೇಳಿದರೆ, ಫೈಲ್ ನಿಮ್ಮದೊಬ್ಬರದೇ ಆಗಿದ್ದರೆ ಮಾತ್ರ ಹಣೆಬರಹ ಬರೆಯಿರಿ. ಹತ್ತು ಜನ ಹತ್ತು ಎಡಿಟರ್‌ನಲ್ಲಿ ತೆರೆಯುವ ಫೈಲಿನ ಮೊದಲ ಸಾಲಿಗೆ ನಿಮ್ಮ ಈಮ್ಯಾಕ್ಸ್ ಗುರುತು ಹಾಕುವುದು ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೆದ ಹಾಗೆ. ಮೊದಲೇ ಕೇಳಿ ಮಾಡುವುದು ಒಳ್ಳೆಯದು.

ಇಲ್ಲೇ ಸುರಕ್ಷತೆಯ ಮಾತೂ ಬರುತ್ತದೆ. ಫೈಲಿನೊಳಗಿನ ಬರಹ ಎಡಿಟರಿನ ನಡವಳಿಕೆ ಬದಲಿಸಬಹುದು ಅಂದರೆ, ಯಾರೋ ಕಳಿಸಿದ ಫೈಲೂ ಬದಲಿಸಬಹುದು. ಮೋಡ್ ಬದಲಾದರೆ ದೊಡ್ಡ ಅಪಾಯವಿಲ್ಲ. ಆದರೆ ಅದೇ ಜಾಗದಲ್ಲಿ 'ಇವ್ಯಾಲ್:' ಅಂತ ಬರೆದು ಕೋಡ್ ಕೂಡ ಇಡಬಹುದು. ಅಪಾಯ ಇರಬಹುದು ಅನಿಸಿದ್ದನ್ನು ಈಮ್ಯಾಕ್ಸ್ ಮೊದಲು ನಿಮಗೆ ತೋರಿಸಿ, ಒಪ್ಪಿಗೆ ಕೇಳುತ್ತದೆ. ಆಗ ಓದದೆ ವೈ ಒತ್ತಬೇಡಿ. ವಿಮ್ ಅನ್ನುವ ಇನ್ನೊಂದು ಎಡಿಟರ್‌ನಲ್ಲೂ ಇದೇ ಬಗೆಯ ಸೌಲಭ್ಯ ಇದೆ, ಮೋಡ್‌ಲೈನ್ ಅಂತ. 2019ರಲ್ಲಿ ಅದರಲ್ಲಿ ಒಂದು ತೂತು ಸಿಕ್ಕಿತು. ಬೇಕೆಂದೇ ತಯಾರಿಸಿದ ಟೆಕ್ಸ್ಟ್ ಫೈಲನ್ನು ತೆರೆದರೆ ಸಾಕು, ನಿಮ್ಮ ಮೆಷಿನ್‌ನಲ್ಲಿ ಬೇರೆಯವರ ಕಮಾಂಡ್ ಓಡುವ ಹಾಗಿತ್ತು. 8.1.1365ನೇ ಪ್ಯಾಚ್‌ನಲ್ಲಿ ಅದನ್ನು ಮುಚ್ಚಿದರು. ಬರೀ ಟೆಕ್ಸ್ಟ್ ಫೈಲ್ ತಾನೇ ಅಂತ ಸದರ ಮಾಡುವ ಹಾಗಿಲ್ಲ.

ಹಂತ 5: ಸ್ಕ್ರಿಪ್ಟ್‌ಗಳಿಗೆ

ಎಕ್ಸ್‌ಟೆನ್ಶನ್ ಇಲ್ಲದ ಸ್ಕ್ರಿಪ್ಟ್‌ಗಳಿಗೆ 2ನೇ ಪ್ರಶ್ನೆ ದೊಡ್ಡ ಉಪಕಾರಿ. ಇಂಟರ್‌ಪ್ರಿಟರ್-ಮೋಡ್-ಆಲಿಸ್ಟ್ ಅನ್ನುವ ಪಟ್ಟಿಯಲ್ಲಿ ಪರ್ಲ್, ಪೈಥಾನ್, ರೂಬಿ, ಬ್ಯಾಷ್, ಆಕ್ ಎಲ್ಲ ಮೊದಲೇ ಇವೆ. '/ಯುಎಸ್ಆರ್/ಬಿನ್/ಎನ್ವ್ ಪೈಥಾನ್3' ಅಂತ ಸುತ್ತು ಹೊಡೆದು ಬರೆದಿದ್ದರೂ ಅರ್ಥ ಮಾಡಿಕೊಳ್ಳುತ್ತದೆ. ಇಂಟರ್‌ಪ್ರಿಟರ್ ಯಾವ ಫೋಲ್ಡರ್‌ನಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ, ಕೊನೆಯ ಹೆಸರಷ್ಟೇ ಮುಖ್ಯ.

ನಿಮ್ಮದೇ ಇಂಟರ್‌ಪ್ರಿಟರ್ ಇದ್ದರೆ ಆ ಪಟ್ಟಿಗೆ ಒಂದು ಜೋಡಿ ಸೇರಿಸಿದರಾಯಿತು. ಮುಂದಿನ ಹಂತದಲ್ಲಿ ಬರುವ ಸಾಲಿನ ಥರಾನೇ, ಪಟ್ಟಿಯ ಹೆಸರು ಮಾತ್ರ ಬೇರೆ.

ಹಂತ 6: ಹೆಸರು ನೋಡಿ ಮೋಡ್ ಹಾಕುವ ಪಟ್ಟಿ

ನಿಮ್ಮ ಕೆಲಸ ಹೆಚ್ಚಾಗಿ ಬೀಳುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಆಟೋ-ಮೋಡ್-ಆಲಿಸ್ಟ್ ಅಂದರೆ ಜೋಡಿಗಳ ಉದ್ದ ಪಟ್ಟಿ. ಪ್ರತಿ ಜೋಡಿಯಲ್ಲೂ ಎಡಕ್ಕೆ ಹೆಸರಿನ ನಮೂನೆ, ಬಲಕ್ಕೆ ಮೋಡ್. ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ಹೊಸ ಜೋಡಿ ಸೇರಿಸಲು ನಿಮ್ಮ ಇನಿಟ್ ಫೈಲಿನಲ್ಲಿ (ಈಮ್ಯಾಕ್ಸ್ ಶುರುವಾಗುವಾಗ ಓದುವ ನಿಮ್ಮ ಸೆಟ್ಟಿಂಗ್ ಫೈಲ್) ಇಂಥ ಸಾಲು ಬರೆಯಬೇಕು:

(ಆಡ್-ಟು-ಲಿಸ್ಟ್ 'ಆಟೋ-ಮೋಡ್-ಆಲಿಸ್ಟ್ '("\\.ಪಿವೈ\\'" . ಪೈಥಾನ್-ಮೋಡ್))

ನಮೂನೆಯಲ್ಲಿ ಎರಡು ಕಡೆ ಜನ ಎಡವುತ್ತಾರೆ.

ಒಂದು, ಡಾಟ್. ಈ ನಮೂನೆ ಬರೆಯುವ ರೀತಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಹೆಸರು. ಅದರಲ್ಲಿ ಬರೀ ಡಾಟ್ ಅಂದರೆ 'ಯಾವುದಾದರೂ ಒಂದು ಅಕ್ಷರ'. ನಿಜವಾದ ಡಾಟ್ ಬೇಕಿದ್ದರೆ ಹಿಂದೆ ಎರಡು ಬ್ಯಾಕ್‌ಸ್ಲ್ಯಾಶ್ ಬೇಕು. ಅದನ್ನು ಮರೆತು ".ಪಿವೈ\\'" ಅಂತ ಬರೆದಿರಿ ಅನ್ನಿ. 'ಬಿಲ್-ಕಾಪಿ' ಅನ್ನುವ ಫೈಲ್ ತೆರೆದರೂ ಪೈಥಾನ್ ಮೋಡ್ ಬರುತ್ತದೆ. ಇಂಗ್ಲಿಷಿನಲ್ಲಿ ಕಾಪಿ ಪದದ ಕೊನೆಗೆ ಪಿ, ವೈ ಇದೆ, ಅದರ ಹಿಂದೆ ಒ ಅನ್ನುವ ಒಂದು ಅಕ್ಷರವೂ ಇದೆ. ನಮೂನೆಗೆ ಅಷ್ಟು ಸಾಕು.

ಎರಡು, ಕೊನೆಯ ಗುರುತು. ಬೇರೆ ಕಡೆ ಅಭ್ಯಾಸ ಇದ್ದವರು ಡಾಲರ್ ಗುರುತು ಹಾಕುತ್ತಾರೆ. ಈಮ್ಯಾಕ್ಸ್‌ನಲ್ಲಿ ಡಾಲರ್ ಅಂದರೆ ಸಾಲಿನ ಕೊನೆ. ಹೆಸರಿನ ಕೊನೆ ಅಂತ ಹೇಳಬೇಕಾದರೆ \\' ಹಾಕಬೇಕು. ಎರಡನ್ನೂ ಬಿಟ್ಟರೆ 'ಪಟ್ಟಿ.ಪಿವೈಸಿ' ಕೂಡ ಪೈಥಾನ್ ಆಗಿ ತೆರೆದುಕೊಂಡು ಕಸದ ಹಾಗೆ ಕಾಣುತ್ತದೆ.

ನಮೂನೆಯನ್ನು ಹೊಂದಿಸಿ ನೋಡುವುದು ಫೈಲಿನ ಪೂರ್ತಿ ದಾರಿಯ ಜೊತೆಗೆ, ಬರೀ ಹೆಸರಿನ ಜೊತೆಗಲ್ಲ. ಇದು ಅನುಕೂಲವೂ ಹೌದು. ಒಂದು ಫೋಲ್ಡರ್‌ನ ಕೆಳಗಿರುವ ಫೈಲ್‌ಗಳಿಗೆ ಮಾತ್ರ ಒಂದು ಮೋಡ್ ಅಂತ ಬರೆಯಬಹುದು.

ಈಗ ನನ್ನ ಮೇಕ್‌ಫೈಲ್‌ಗೆ ಬರೋಣ. ಅವತ್ತು ಸಿಟ್ಟಿನಲ್ಲಿ ಬರೆದ ಸಾಲು ಇದು:

(ಆಡ್-ಟು-ಲಿಸ್ಟ್ 'ಆಟೋ-ಮೋಡ್-ಆಲಿಸ್ಟ್ '("/ಮೇಕ್‌ಫೈಲ್\\.[^/]+\\'" . ಮೇಕ್‌ಫೈಲ್-ಜಿಮೇಕ್-ಮೋಡ್))

ಅಂದರೆ ಮೇಕ್‌ಫೈಲ್ ಆದ ಮೇಲೆ ಡಾಟ್, ಅದಾದ ಮೇಲೆ ಏನೇ ಇರಲಿ, ನನಗೆ ಮೇಕ್‌ಫೈಲ್ ಮೋಡೇ ಬೇಕು. ಕೆಲಸ ಮಾಡಿತು. ಎರಡು ವಾರ ನೆಮ್ಮದಿ. ಆಮೇಲೆ ಒಂದು ದಿನ ಆಟೋಮೇಕ್ (ಮೇಕ್‌ಫೈಲ್ ತಯಾರಿಸಿಕೊಡುವ ಟೂಲ್) ಬಳಸುವ ಪ್ರಾಜೆಕ್ಟ್ ತೆರೆದೆ. ಅದರಲ್ಲಿ 'ಮೇಕ್‌ಫೈಲ್.ಎಎಂ' ಅನ್ನುವ ಫೈಲ್‌ಗಳಿರುತ್ತವೆ. ಅವಕ್ಕೆ ಈಮ್ಯಾಕ್ಸ್‌ನಲ್ಲಿ ಬೇರೆಯದೇ ಮೋಡ್ ಇದೆ. ನನ್ನ ಸಾಲು ಪಟ್ಟಿಯ ತಲೆಯಲ್ಲಿ ಕೂತು ಅವನ್ನೂ ನುಂಗಿಹಾಕಿತ್ತು. ಬೇರೆ ಏನೂ ಹೇಳದಿದ್ದರೆ ಆಡ್-ಟು-ಲಿಸ್ಟ್ ಹೊಸದನ್ನು ಪಟ್ಟಿಯ ಮುಂದಕ್ಕೇ ಸೇರಿಸುತ್ತದೆ. ನೀವು ಹೇಳಿದ್ದು ಗೆಲ್ಲುವುದೂ ಅದಕ್ಕೇ, ಎಡವಟ್ಟಾಗುವುದೂ ಅದಕ್ಕೇ.

ಈಗ ಇರುವ ಸಾಲು ಇದು:

(ಆಡ್-ಟು-ಲಿಸ್ಟ್ 'ಆಟೋ-ಮೋಡ್-ಆಲಿಸ್ಟ್ '("/ಮೇಕ್‌ಫೈಲ್\\.\\(ಡೆವ್\\|ಪ್ರಾಡ್\\)\\'" . ಮೇಕ್‌ಫೈಲ್-ಜಿಮೇಕ್-ಮೋಡ್))

ಎಷ್ಟು ಬೇಕೋ ಅಷ್ಟಕ್ಕೇ ಬಲೆ ಹಾಕಿದ್ದೇನೆ.

ಯೂಸ್-ಪ್ಯಾಕೇಜ್ (ಈಮ್ಯಾಕ್ಸ್‌ನ ಪ್ಯಾಕೇಜ್‌ಗಳ ಸೆಟ್ಟಿಂಗ್ ಒಂದೇ ಕಡೆ ಬರೆಯುವ ಸೌಲಭ್ಯ) ಬಳಸುವವರು ಇದೇ ನಮೂನೆಯನ್ನು ':ಮೋಡ್' ಎದುರು ಬರೆದರೆ ಸಾಕು. 29ನೇ ಆವೃತ್ತಿಯಿಂದ ಅದು ಈಮ್ಯಾಕ್ಸ್ ಜೊತೆಗೇ ಬರುತ್ತದೆ.

ಹೆಸರಿನ ವಿಚಾರದಲ್ಲಿ ಇನ್ನೂ ಕೆಲವು ಸೂಕ್ಷ್ಮಗಳಿವೆ. ದೊಡ್ಡಕ್ಷರ, ಸಣ್ಣಕ್ಷರಗಳಿಗೆ ವ್ಯತ್ಯಾಸ ಉಂಟು. ಸಣ್ಣ ಸಿ ಎಕ್ಸ್‌ಟೆನ್ಶನ್ ಇದ್ದರೆ ಸಿ ಮೋಡ್, ದೊಡ್ಡ ಸಿ ಇದ್ದರೆ ಸಿ++. ಹಳೇ ಪೆನ್‌ಡ್ರೈವ್‌ನಿಂದ ಬಂದ, ಎಲ್ಲ ದೊಡ್ಡಕ್ಷರದ ಹೆಸರಿನ ಸಿ ಫೈಲ್ ತೆರೆದರೆ ಇದೇ ಕಾರಣಕ್ಕೆ ಸಿ++ ಅಂತ ತೋರಿಸುತ್ತದೆ. ಮೊದಲ ಸುತ್ತಿನಲ್ಲಿ ಏನೂ ಹೊಂದದಿದ್ದರೆ ದೊಡ್ಡದು ಚಿಕ್ಕದು ಲೆಕ್ಕಿಸದೆ ಇನ್ನೊಂದು ಸುತ್ತು ಹುಡುಕುತ್ತದೆ.

ಕೆಲವು ಬಾಲಗಳನ್ನು ಕಳಚಿ ನೋಡುವ ಜಾಣತನವೂ ಇದೆ. 'ಪಟ್ಟಿ.ಪಿವೈ.ಬ್ಯಾಕ್' ಅಥವಾ 'ಪಟ್ಟಿ.ಪಿವೈ.ಒರಿಗ್' ತೆರೆದರೆ ಕೊನೆಯ ತುಂಡು ತೆಗೆದು ಉಳಿದದ್ದನ್ನು ನೋಡುತ್ತದೆ. ಹಾಗಾಗಿ ಪೈಥಾನ್ ಬರುತ್ತದೆ. ನನ್ನ 'ಡೆವ್' ಆ ಪುಣ್ಯ ಮಾಡಿರಲಿಲ್ಲ.

ಒಂದೇ ಎಕ್ಸ್‌ಟೆನ್ಶನ್ ಮೇಲೆ ಎರಡು ಭಾಷೆಗಳ ಹಕ್ಕು ಇರುವುದು ಇನ್ನೊಂದು ತಲೆನೋವು. ಡಾಟ್ ಎಂ ಅಂದರೆ ಈಮ್ಯಾಕ್ಸ್‌ಗೆ ಆಬ್ಜೆಕ್ಟಿವ್-ಸಿ. ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ಆಕ್ಟೇವ್ ಬರೆಯುವ ಹುಡುಗರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಡಾಟ್ ಪಿಎಲ್ ಅಂದರೆ ಪರ್ಲ್. ಪ್ರೊಲಾಗ್ ಬರೆಯುವವರು ತಾವೇ ಬದಲಿಸಿಕೊಳ್ಳಬೇಕು. ಡಾಟ್ ಎಚ್ ಸಿಯದ್ದೂ ಆಗಬಹುದು, ಸಿ++ನದ್ದೂ ಆಗಬಹುದು. ಇದಕ್ಕೆ ಮಾತ್ರ 26ನೇ ಆವೃತ್ತಿಯಿಂದ ಒಳ್ಳೇ ಉಪಾಯ ಮಾಡಿದ್ದಾರೆ. ಪಟ್ಟಿಯ ಬಲಗಡೆ ನೇರವಾಗಿ ಮೋಡ್ ಇಡುವ ಬದಲು 'ಸಿ-ಆರ್-ಸಿ++-ಮೋಡ್' ಅನ್ನುವ ಫಂಕ್ಷನ್ ಇಟ್ಟಿದ್ದಾರೆ. ಅದು ಫೈಲಿನೊಳಗೆ ಇಣುಕಿ ಕ್ಲಾಸ್, ನೇಮ್‌ಸ್ಪೇಸ್, ಟೆಂಪ್ಲೇಟ್ ಥರದ ಸಿ++ ಗುರುತು ಇದೆಯಾ ನೋಡಿ ತೀರ್ಮಾನ ಮಾಡುತ್ತದೆ. ನೀವೂ ಹೀಗೆ ಮಾಡಬಹುದು. ಬಲಗಡೆ ಯಾವ ಫಂಕ್ಷನ್ ಇಟ್ಟರೂ ಈಮ್ಯಾಕ್ಸ್ ಕರೆಯುತ್ತದೆ.

ಹಂತ 7: ಬರಹ ನೋಡಿ ಗುರುತಿಸುವುದು

3ನೇ ಮತ್ತು 5ನೇ ಪ್ರಶ್ನೆಗಳು ಅಣ್ಣತಮ್ಮಂದಿರ ಹಾಗೆ. ಎರಡೂ ಫೈಲಿನ ಆರಂಭದ ಬರಹ ನೋಡುತ್ತವೆ. ಒಂದು ಹೆಸರಿಗಿಂತ ಮೊದಲು, ಇನ್ನೊಂದು ಹೆಸರು ಕೈಕೊಟ್ಟ ಮೇಲೆ. ಮೊದಲನೆಯ ಪಟ್ಟಿ ಖಾಲಿಯಾಗಿಯೇ ಬರುತ್ತದೆ, ನೀವು ಅಥವಾ ಯಾವುದಾದರೂ ಪ್ಯಾಕೇಜ್ ತುಂಬಬೇಕು. ಎರಡನೆಯದರಲ್ಲಿ ಚಿತ್ರ, ಜಿಪ್, ಎಕ್ಸ್‌ಎಂಎಲ್, ಎಚ್‌ಟಿಎಂಎಲ್, ಪೋಸ್ಟ್‌ಸ್ಕ್ರಿಪ್ಟ್ ಇವನ್ನೆಲ್ಲ ಗುರುತಿಸುವ ನಿಯಮ ಮೊದಲೇ ಇವೆ. ಎಕ್ಸ್‌ಟೆನ್ಶನ್ ಇಲ್ಲದ ಫೋಟೋ ಫೈಲ್ ಈಮ್ಯಾಕ್ಸ್‌ನಲ್ಲಿ ಫೋಟೋ ಆಗಿಯೇ ತೆರೆದುಕೊಳ್ಳುವುದು ಇದರಿಂದಲೇ.

ನಿಮಗೆ ಬೇಕಿದ್ದರೆ ಎರಡನೆಯದಕ್ಕೇ ಸೇರಿಸಿ. ಮೊದಲನೆಯದಕ್ಕೆ ಸಡಿಲ ನಮೂನೆ ಹಾಕಿದರೆ ಸರಿಯಾದ ಹೆಸರಿರುವ ಫೈಲ್‌ಗಳ ಮೋಡ್‌ಗೂ ಕೈ ಹಾಕಿಬಿಡುತ್ತದೆ.

ಹಂತ 8: ಒಂದು ಫೋಲ್ಡರ್‌ಗೆ ಒಂದು ಪದ್ಧತಿ

ನಿಮ್ಮ ತಂಡದ ಪ್ರಾಜೆಕ್ಟ್‌ನಲ್ಲಿ ಡಾಟ್ ಡೆಫ್ ಫೈಲ್‌ಗಳೆಲ್ಲ ಸಿ ಭಾಷೆಯವು ಅಂದುಕೊಳ್ಳಿ. ಬೇರೆ ಕಡೆ ಹಾಗಲ್ಲ. ಆಗ ಪ್ರಾಜೆಕ್ಟ್‌ನ ಫೋಲ್ಡರ್‌ನಲ್ಲಿ '.ಡಿರ್-ಲೋಕಲ್ಸ್.ಇಎಲ್' ಅನ್ನುವ ಫೈಲ್ ಇಟ್ಟು ಹೀಗೆ ಬರೆಯಿರಿ:

((ಆಟೋ-ಮೋಡ್-ಆಲಿಸ್ಟ್ . (("\\.ಡೆಫ್\\'" . ಸಿ-ಮೋಡ್))))

ಇದು 30ನೇ ಆವೃತ್ತಿಯಿಂದ ಬಂದ ಸೌಲಭ್ಯ. ಅದಕ್ಕಿಂತ ಹಳೆಯದರಲ್ಲಿ ಇದೇ ಫೈಲನ್ನು ಇಂಡೆಂಟ್ ಅಳತೆ, ಟ್ಯಾಬ್ ಬೇಕೋ ಸ್ಪೇಸ್ ಬೇಕೋ ಇಂಥ ಹೊಂದಾಣಿಕೆಗಳಿಗೆ ಬಳಸಬಹುದು. ಮೋಡ್ ಆಯ್ಕೆಗೆ 6ನೇ ಹಂತದಲ್ಲಿ ಹೇಳಿದ ಹಾಗೆ ದಾರಿ ಸೇರಿಸಿದ ನಮೂನೆಯೇ ಗತಿ.

ಹಂತ 9: ಆಯ್ಕೆ ಆದ ಮೇಲೂ ಒಂದು ತಿರುವು

2023ರ ಜುಲೈನಲ್ಲಿ ಬಂದ 29ನೇ ಆವೃತ್ತಿಯಲ್ಲಿ ಟ್ರೀ-ಸಿಟ್ಟರ್‌ಗೆ (ಕೋಡಿನ ರಚನೆ ಅರ್ಥ ಮಾಡಿಕೊಳ್ಳುವ ಲೈಬ್ರರಿ) ಬೆಂಬಲ ಒಳಗೇ ಸೇರಿತು. ಅದರಿಂದ ಒಂದೇ ಭಾಷೆಗೆ ಎರಡು ಮೋಡ್ ಆದವು: ಹಳೇ ಪೈಥಾನ್-ಮೋಡ್, ಹೊಸ ಪೈಥಾನ್-ಟಿಎಸ್-ಮೋಡ್. ಹೊಸದು ಬೇಕು ಅಂತ ಎಲ್ಲ ಪಟ್ಟಿಗಳನ್ನೂ ತಿದ್ದುತ್ತಾ ಕೂರಬೇಡಿ. ಹೆಸರಿನಿಂದ ಬಂದರೂ, #! ಸಾಲಿನಿಂದ ಬಂದರೂ, ಕೊನೆಗೆ ಹಳೆಯದರ ಜಾಗದಲ್ಲಿ ಹೊಸದನ್ನು ಇಡು ಅಂತ ಒಂದೇ ಮಾತಿನಲ್ಲಿ ಹೇಳಬಹುದು:

(ಆಡ್-ಟು-ಲಿಸ್ಟ್ 'ಮೇಜರ್-ಮೋಡ್-ರೀಮ್ಯಾಪ್-ಆಲಿಸ್ಟ್ '(ಪೈಥಾನ್-ಮೋಡ್ . ಪೈಥಾನ್-ಟಿಎಸ್-ಮೋಡ್))

ಇದಕ್ಕೆ ಆ ಭಾಷೆಯ ಗ್ರಾಮರ್ ಬೇಕು. 'ಟ್ರೀಸಿಟ್-ಇನ್‌ಸ್ಟಾಲ್-ಲ್ಯಾಂಗ್ವೇಜ್-ಗ್ರಾಮರ್' ಕಮಾಂಡ್ ಕೊಟ್ಟರೆ ತಂದು ಕಟ್ಟಿಕೊಡುತ್ತದೆ. ಮೆಷಿನ್‌ನಲ್ಲಿ ಸಿ ಕಂಪೈಲರ್ ಇರಬೇಕು.

ಹಂತ 10: ಆದರೂ ತಪ್ಪು ಮೋಡ್ ಬರುತ್ತಿದೆಯಾ?

ಮೊದಲು ಮೆಸೇಜಸ್ ಬಫರ್ ನೋಡಿ. 'ಫೈಲ್ ಮೋಡ್ ಸ್ಪೆಸಿಫಿಕೇಶನ್ ಎರರ್' ಅಂತ ಇದ್ದರೆ ಆಯ್ಕೆ ಸರಿಯಾಗೇ ಆಗಿದೆ, ಮೋಡ್ ಶುರುವಾಗುವಾಗ ಎಡವಿದೆ. 'ವಾಯ್ಡ್-ಫಂಕ್ಷನ್' ಅಂತಲೂ ಇದ್ದರೆ ಆ ಮೋಡ್‌ನ ಪ್ಯಾಕೇಜ್ ಹಾಕಿಲ್ಲ, ಇಲ್ಲವೇ ಹೆಸರು ತಪ್ಪಾಗಿದೆ.

ಹಾಗೇನೂ ಇಲ್ಲದಿದ್ದರೆ ಫೈಲಿನ ಮೊದಲ ಎರಡು ಸಾಲು, ಕೊನೆಯ ಹತ್ತಿಪ್ಪತ್ತು ಸಾಲು ಓದಿ. ನಿಮಗೆ ತಿಳಿಯದೆ ಯಾರೋ ಗುರುತು ಹಾಕಿರಬಹುದು. ಅಲ್ಲೂ ಇಲ್ಲ ಅಂದರೆ ಹೆಸರಿನ ಪಟ್ಟಿಯನ್ನೇ ಕೇಳಿ. ಆಲ್ಟ್ ಹಿಡಿದು ಕೋಲನ್ ಒತ್ತಿ ಇದನ್ನು ಕೊಡಿ:

(ಅಸಾಕ್-ಡೀಫಾಲ್ಟ್ ಬಫರ್-ಫೈಲ್-ನೇಮ್ ಆಟೋ-ಮೋಡ್-ಆಲಿಸ್ಟ್ 'ಸ್ಟ್ರಿಂಗ್-ಮ್ಯಾಚ್)

ಹೆಸರಿನ ಪ್ರಕಾರ ಯಾವ ಮೋಡ್ ಬರಬೇಕಿತ್ತು ಅಂತ ಕೆಳಗೆ ತೋರಿಸುತ್ತದೆ. ನೀವು ಹಾಕಿದ್ದಲ್ಲ, ಬೇರೇನೋ ಬಂದರೆ ನಿಮ್ಮ ಸಾಲಿನ ನಂತರ ಲೋಡ್ ಆದ ಯಾವುದೋ ಪ್ಯಾಕೇಜ್ ತನ್ನದನ್ನು ಇನ್ನೂ ಮುಂದಕ್ಕೆ ಸೇರಿಸಿದೆ. ನಿಮ್ಮ ಸಾಲನ್ನು ಇನಿಟ್ ಫೈಲಿನಲ್ಲಿ ಅದಕ್ಕಿಂತ ಕೆಳಗೆ ಇಳಿಸಿ.

ಟರ್ಮಿನಲ್‌ನಲ್ಲಿ 'ಈಮ್ಯಾಕ್ಸ್ -ಕ್ಯೂ' (ಕ್ಯೂ ದೊಡ್ಡಕ್ಷರ) ಅಂತ ಕೊಟ್ಟು ಅದೇ ಫೈಲ್ ತೆರೆಯುವುದೂ ಒಳ್ಳೇ ಪರೀಕ್ಷೆ. ನಿಮ್ಮ ಯಾವ ಸೆಟ್ಟಿಂಗೂ ಇಲ್ಲದೆ ಬರೀ ಈಮ್ಯಾಕ್ಸ್ ಏಳುತ್ತದೆ. ಅಲ್ಲಿ ಸರಿಯಿದ್ದರೆ ತಪ್ಪು ನಿಮ್ಮ ಮನೆಯಲ್ಲೇ ಇದೆ.

ಕೆಲವೊಮ್ಮೆ ಮೋಡ್ ಸರಿಯಾಗಿಯೇ ಬಂದು, ಅದರಿಂದಲೇ ತೊಂದರೆ ಆಗುತ್ತದೆ. ಇಡೀ ಫೈಲ್ ಒಂದೇ ಸಾಲಿನಲ್ಲಿರುವ ಮಿನಿಫೈ ಮಾಡಿದ ಜಾವಾಸ್ಕ್ರಿಪ್ಟ್ ತೆರೆದು ನೋಡಿ, ಎಡಿಟರ್ ಉಸಿರುಗಟ್ಟಿ ಕೂರುತ್ತದೆ. 27ನೇ ಆವೃತ್ತಿಯಿಂದ ಇರುವ 'ಗ್ಲೋಬಲ್-ಸೋ-ಲಾಂಗ್-ಮೋಡ್' ಹಾಕಿಟ್ಟರೆ ಅಂಥ ಫೈಲ್ ಕಂಡಾಗ ಭಾರದ ಮೋಡ್ ಬಿಟ್ಟು ಹಗುರವಾದದ್ದನ್ನು ಹಾಕಿಕೊಳ್ಳುತ್ತದೆ. ಯಾವ ಆಯ್ಕೆಯೂ ಬೇಡ, ಇದ್ದದ್ದನ್ನು ಇದ್ದ ಹಾಗೆ ತೋರಿಸು ಅಂತಾದರೆ 'ಫೈಂಡ್-ಫೈಲ್-ಲಿಟರಲಿ'.

ವಿಎಸ್ ಕೋಡ್ ಬಳಸುವ ಗೆಳೆಯರಿಗೆ ಒಂದು ಮಾತು. ನಿಮ್ಮಲ್ಲಿ ಇದೇ ಕೆಲಸ ಸೆಟ್ಟಿಂಗ್ಸ್‌ನ 'ಫೈಲ್ಸ್.ಅಸೋಸಿಯೇಶನ್ಸ್' ಮಾಡುತ್ತದೆ. ಅಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಇಲ್ಲ, ನಕ್ಷತ್ರ ಹಾಕುವ ಸರಳ ನಮೂನೆ. ಬಲಗಡೆ ಕೆಳಗೆ ಕಾಣುವ ಭಾಷೆಯ ಹೆಸರನ್ನು ಒತ್ತಿದರೂ ದಾರಿ ಸಿಗುತ್ತದೆ.

ಹಂತ 11: ಕನ್ನಡ ಬರೆಯೋಕೆ ನಿಮ್ಮದೇ ಮೋಡ್

ಈಗ ನನಗೆ ಇಷ್ಟವಾದ ಭಾಗ. ಈಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವ ವಿಧಾನ ಒಳಗೇ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. 'ಕನ್ನಡ-ಐಟ್ರಾನ್ಸ್' ಅಂತ ಅದರ ಹೆಸರು. ಇನ್‌ಸ್ಕ್ರಿಪ್ಟ್ ಕೂಡ ಇದೆ. ಕಂಟ್ರೋಲ್-ಎಚ್ ಎಚ್ ಒತ್ತಿದರೆ ಲೋಕದ ಭಾಷೆಗಳೆಲ್ಲ ಸಾಲಾಗಿ ಬರುವ ಪಟ್ಟಿ ಇದೆಯಲ್ಲ, ಅದರಲ್ಲಿ ನಮ್ಮ 'ನಮಸ್ಕಾರ'ವೂ ಕೂತಿದೆ.

ನಾನು ಕೋಡ್ ಬರೆಯುವಾಗ ಇಂಗ್ಲಿಷ್ ಬೇಕು, ಟಿಪ್ಪಣಿ ಬರೆಯುವಾಗ ಕನ್ನಡ. ಪ್ರತಿ ಸಲ ಕೈಯಿಂದ ಬದಲಿಸಿ ಸಾಕಾಗಿತ್ತು. ಅದಕ್ಕೆ ನನ್ನ ಟಿಪ್ಪಣಿ ಫೈಲ್‌ಗಳಿಗೆಲ್ಲ '.ಟಿಪ್ಪಣಿ' ಅನ್ನುವ ಎಕ್ಸ್‌ಟೆನ್ಶನ್ ಕೊಟ್ಟೆ. ಹೌದು, ಕನ್ನಡದಲ್ಲೇ. ಈ ಸೆಟ್ಟಿಂಗ್‌ಗಳನ್ನು ಬರೆಯುವ ಭಾಷೆ ಲಿಸ್ಪ್‌ನಲ್ಲಿ ಹೆಸರು ಇಂಗ್ಲಿಷಿನಲ್ಲೇ ಇರಬೇಕು ಅಂತೇನೂ ಇಲ್ಲ. ಹಾಗಾಗಿ ಮೋಡ್‌ಗೂ ಕನ್ನಡದ ಹೆಸರೇ ಇಟ್ಟೆ:

(ಡಿಫೈನ್-ಡಿರೈವ್ಡ್-ಮೋಡ್ ಟಿಪ್ಪಣಿ-ಮೋಡ್ ಟೆಕ್ಸ್ಟ್-ಮೋಡ್ "ಟಿಪ್ಪಣಿ"
  (ಸೆಟ್-ಇನ್‌ಪುಟ್-ಮೆಥಡ್ "ಕನ್ನಡ-ಐಟ್ರಾನ್ಸ್"))

(ಆಡ್-ಟು-ಲಿಸ್ಟ್ 'ಆಟೋ-ಮೋಡ್-ಆಲಿಸ್ಟ್ '("\\.ಟಿಪ್ಪಣಿ\\'" . ಟಿಪ್ಪಣಿ-ಮೋಡ್))

ಇದರಲ್ಲಿ 'ಟಿಪ್ಪಣಿ-ಮೋಡ್', ಕೊಟೇಶನ್ ಒಳಗಿನ 'ಟಿಪ್ಪಣಿ', ನಮೂನೆಯೊಳಗಿನ '.ಟಿಪ್ಪಣಿ' ಈ ಮೂರನ್ನು ಹೀಗೇ ಕನ್ನಡದಲ್ಲೇ ಬಿಡಿ. ಉಳಿದದ್ದೆಲ್ಲ ಇಂಗ್ಲಿಷ್ ಅಕ್ಷರ. ಟೆಕ್ಸ್ಟ್-ಮೋಡ್‌ನಿಂದ ಹುಟ್ಟಿದ್ದರಿಂದ ಅದರ ಗುಣಗಳೆಲ್ಲ ಇದಕ್ಕೂ ಬರುತ್ತವೆ. ನಾವು ಸೇರಿಸಿದ್ದು ಕೀಬೋರ್ಡ್ ಒಂದೇ.

ಇನಿಟ್ ಫೈಲ್ ಸೇವ್ ಮಾಡಿ, ಈಮ್ಯಾಕ್ಸ್ ಮುಚ್ಚಿ ತೆರೆಯಿರಿ. 'ಮನೆಖರ್ಚು.ಟಿಪ್ಪಣಿ' ಅಂತ ಹೊಸ ಫೈಲ್ ತೆರೆದರೆ ಕೆಳಗೆ ಬ್ರಾಕೆಟ್‌ನಲ್ಲಿ ಟಿಪ್ಪಣಿ ಅಂತ ಕಾಣುತ್ತದೆ. ಕೀಬೋರ್ಡ್ ಆಗಲೇ ಕನ್ನಡಕ್ಕೆ ತಿರುಗಿರುತ್ತದೆ. ನಡುವೆ ಒಂದು ಇಂಗ್ಲಿಷ್ ಪದ ಬೇಕಾದರೆ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ, ಬರೆದು, ಮತ್ತೆ ಒತ್ತಿ.